ಟಿಪಿಎಂ ಚಿಪ್ ಏನು ಬರೆದಿಟ್ಟುಕೊಂಡಿದೆ: ಲಿನಕ್ಸ್‌ನಲ್ಲಿ ಪಿಸಿಆರ್ ಓದುವುದು, ಓದಿದ್ದನ್ನು ನಂಬುವುದು

ಬಯೋಸ್ ಅಪ್‌ಡೇಟ್ ಮುಗಿದು ಲ್ಯಾಪ್‌ಟಾಪ್ ಮತ್ತೆ ಆನ್ ಆದಾಗ, ಅಲ್ಲಿಯವರೆಗೆ ತಾನಾಗಿ ತೆರೆದುಕೊಳ್ಳುತ್ತಿದ್ದ ಡಿಸ್ಕ್ ಇದ್ದಕ್ಕಿದ್ದಂತೆ ಪಾಸ್‌ಫ್ರೇಸ್ ಕೇಳುತ್ತದೆ. ವಿಂಡೋಸ್ ಆಗಿದ್ದರೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೊಡಿ ಅನ್ನುತ್ತದೆ. ಡಿಸ್ಕ್‌ಗೆ ಏನೂ ಆಗಿಲ್ಲ, ಪಾಸ್‌ವರ್ಡನ್ನು ಯಾರೂ ಮುಟ್ಟಿಲ್ಲ. ಬದಲಾಗಿದ್ದು ಟಿಪಿಎಂ ಎಂಬ ಭದ್ರತಾ ಚಿಪ್‌ನೊಳಗಿನ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಲಿನಕ್ಸ್ ಈಗ ಸಾದಾ ಫೈಲ್‌ನಂತೆ ತೆರೆದಿಟ್ಟಿದೆ, ಯಾರು ಬೇಕಾದರೂ ಓದಬಹುದು. ಆದರೆ ಓದಿದ್ದು ಏನು ಹೇಳುತ್ತಿದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಅನ್ನುವಲ್ಲಿ ಗೊಂದಲ ಇನ್ನೂ ಉಳಿದಿದೆ.

ಆಜ್ಞೆಗಳ ಹೆಸರು, ಫೈಲ್‌ಗಳ ದಾರಿ ಎಲ್ಲವನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ರುಬ್ಬಿದ ಮೇಲೆ ಬೇರ್ಪಡಿಸಲಾಗದು

ಪಿಸಿಯ ಟಿಪಿಎಂನೊಳಗೆ 24 ಖಾನೆಗಳಿವೆ, 0ರಿಂದ 23ರವರೆಗೆ. ಪ್ಲಾಟ್‌ಫಾರ್ಮ್ ಕಾನ್ಫಿಗರೇಶನ್ ರಿಜಿಸ್ಟರ್ ಎಂಬುದು ಪೂರ್ತಿ ಹೆಸರು, ಬಳಕೆಯಲ್ಲಿ ಪಿಸಿಆರ್. ಒಂದೊಂದರಲ್ಲೂ ಒಂದು ಹ್ಯಾಶ್, ಅಂದರೆ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ ನಿಗದಿತ ಉದ್ದದ ಗುರುತುಸಂಖ್ಯೆ ಇರುತ್ತದೆ: ಶಾ-1 ಆದರೆ 20 ಬೈಟ್, ಶಾ-256 ಆದರೆ 32 ಬೈಟ್. ಟಿಪಿಎಂ 2.0ರಲ್ಲಿ ಪ್ರತಿ ಹ್ಯಾಶ್ ವಿಧಾನಕ್ಕೂ 24 ಖಾನೆಗಳ ಬೇರೆ ಬೇರೆ ಸಾಲು ಇರಬಹುದು. ಆ ಸಾಲಿಗೆ ಬ್ಯಾಂಕ್ ಎನ್ನುತ್ತಾರೆ.

ಈ ಖಾನೆಗೆ ಬೇಕಾದ ಮೌಲ್ಯವನ್ನು ನೇರವಾಗಿ ಬರೆಯಲು ಯಾವ ಆಜ್ಞೆಯೂ ಇಲ್ಲ. ಇರುವುದು ಎಕ್ಸ್‌ಟೆಂಡ್ ಒಂದೇ. ಖಾನೆಯಲ್ಲಿರುವ ಹಳೆಯ 32 ಬೈಟ್‌ಗಳ ಪಕ್ಕಕ್ಕೆ ಹೊಸ ಅಳತೆಯ, ಅಂದರೆ ಅಳೆದ ಕೋಡ್ ಅಥವಾ ಸೆಟ್ಟಿಂಗ್‌ನ ಹ್ಯಾಶ್‌ನ, 32 ಬೈಟ್ ಜೋಡಿಸಿ, ಆ 64 ಬೈಟ್‌ಗಳ ಹ್ಯಾಶ್ ತೆಗೆದು, ಬಂದ ಉತ್ತರವನ್ನು ಚಿಪ್ ಅದೇ ಖಾನೆಯಲ್ಲಿ ಇಡುತ್ತದೆ. ರುಬ್ಬಿದ ಚಟ್ನಿಯಿಂದ ಕಾಯಿತುರಿಯನ್ನು ಮತ್ತೆ ಹೊರತೆಗೆಯಲಾಗದ ಹಾಗೆ, ಒಮ್ಮೆ ಸೇರಿದ ಅಳತೆಯನ್ನು ಯಂತ್ರ ರೀಸೆಟ್ ಆಗುವವರೆಗೆ ತೆಗೆಯಲಾಗದು. ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಚಟ್ನಿಗೆ ಕಾಯಿ ಮೊದಲು ಹಾಕಿದರೇನು, ಮೆಣಸಿನಕಾಯಿ ಮೊದಲು ಹಾಕಿದರೇನು, ರುಚಿ ಒಂದೇ. ಇಲ್ಲಿ ಎರಡು ಅಳತೆಗಳು ಹಿಂದುಮುಂದಾದರೂ ಉತ್ತರವೇ ಬೇರೆ.

ಬೂಟ್ ಆಗುವಾಗ ಒಂದು ಹಂತ ಮುಂದಿನ ಹಂತಕ್ಕೆ ಕೆಲಸ ಒಪ್ಪಿಸುವ ಮೊದಲು ಅದನ್ನು ಅಳೆಯುತ್ತದೆ. 0ನೇ ಖಾನೆಗೆ ಫರ್ಮ್‌ವೇರ್‌ನ, ಅಂದರೆ ಬಯೋಸ್‌ನ, ಕೋಡ್ ಹೋಗುತ್ತದೆ, 1ಕ್ಕೆ ಅದರ ಸೆಟ್ಟಿಂಗ್. 2 ಮತ್ತು 3 ಗ್ರಾಫಿಕ್ಸ್, ನೆಟ್‌ವರ್ಕ್ ಕಾರ್ಡ್‌ಗಳಂಥವು ತಮ್ಮೊಂದಿಗೆ ತರುವ ಕೋಡ್ ಮತ್ತು ಅದರ ಸೆಟ್ಟಿಂಗ್‌ಗೆ. 4ರಲ್ಲಿ ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಬೂಟ್‌ಲೋಡರ್, 5ರಲ್ಲಿ ಪಾರ್ಟಿಶನ್ ಟೇಬಲ್. 7ರಲ್ಲಿ, ಒಪ್ಪಿದ ಸಹಿಯಿರುವ ಬೂಟ್ ಕೋಡನ್ನು ಮಾತ್ರ ಓಡಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದೆಯೋ ಇಲ್ಲವೋ, ಯಾವ ಕೀಗಳಿಗೆ ಒಪ್ಪಿಗೆ, ಯಾವುದಕ್ಕೆ ನಿಷೇಧ, ಯಾವ ಸರ್ಟಿಫಿಕೇಟಿನ ಬಲದ ಮೇಲೆ ಬೂಟ್‌ಲೋಡರ್ ಓಡಿತು ಎಂಬ ವಿವರ. ಇಷ್ಟು ಫರ್ಮ್‌ವೇರ್‌ನ ಪಾಲು. ಮುಂದಿನದು ಆಪರೇಟಿಂಗ್ ಸಿಸ್ಟಂ ಕಡೆಯವರದು. ಗ್ರಬ್ ಎಂಬ ಬೂಟ್‌ಲೋಡರ್ ತಾನು ನಡೆಸಿದ ಆಜ್ಞೆಗಳನ್ನೂ ಕರ್ನಲ್‌ನ ಕಮಾಂಡ್ ಲೈನನ್ನೂ 8ಕ್ಕೆ ಹಾಕುತ್ತದೆ, ಓದಿದ ಫೈಲ್‌ಗಳನ್ನು 9ಕ್ಕೆ. ಓಡುವ, ಓದುವ ಫೈಲ್‌ಗಳನ್ನು ಅಳೆಯುವ ಕರ್ನಲ್‌ನ ಭಾಗವಾದ ಐಎಂಎ 10ನ್ನು ಬಳಸುತ್ತದೆ. ಲಿನಕ್ಸ್‌ನ ಸೇವೆಗಳನ್ನು ಶುರು ಮಾಡಿ ನಡೆಸುವ ಸಿಸ್ಟಂಡಿ 11, 12, 13 ಮತ್ತು 15ನ್ನು ತನ್ನದಾಗಿಸಿಕೊಂಡಿದೆ. 14 ಶಿಮ್‌ನದು, ಅಂದರೆ ಸೆಕ್ಯೂರ್ ಬೂಟ್‌ನಲ್ಲಿ ಗ್ರಬ್‌ಗೂ ಮೊದಲು ಓಡುವ ಪುಟ್ಟ ಬೂಟ್‌ಲೋಡರಿನದು.

17ರಿಂದ 22ರವರೆಗಿನವು ವಿಶೇಷ. ಯಂತ್ರ ಓಡುತ್ತಿರುವಾಗಲೇ ಪ್ರೊಸೆಸರ್ ಸಹಾಯದಿಂದ ಹೊಸದಾಗಿ ನಂಬಿಕೆ ಕಟ್ಟಿಕೊಳ್ಳುವ ವಿಧಾನಕ್ಕೆಂದು ಮೀಸಲಿಟ್ಟ ಖಾನೆಗಳಿವು. ಅದನ್ನು ಬಳಸದ ಯಂತ್ರದಲ್ಲಿ ಇವುಗಳ ತುಂಬ ಬರೀ ಎಫ್ ಕಾಣುತ್ತದೆ. ಅದು ಸಹಜ, ಹೆದರಬೇಕಿಲ್ಲ. 16 ಮತ್ತು 23ನ್ನು ಮಾತ್ರ ಬಳಕೆದಾರರ ಕಡೆಯಿಂದಲೇ ಸೊನ್ನೆಗೆ ತರಬಹುದು. ಕೈ ಪಳಗಿಸಿಕೊಳ್ಳಲು ತಕ್ಕ ಜಾಗ.

ಹದಿನಾರನೇ ಖಾನೆಯಲ್ಲಿ ಒಂದು ಪ್ರಯೋಗ

ಟಿಪಿಎಂ2-ಟೂಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ರೂಟ್ ಆಗಿ, ಇಲ್ಲವೇ ಟಿಎಸ್‌ಎಸ್ ಗುಂಪಿಗೆ ಸೇರಿಕೊಂಡು, "ಟಿಪಿಎಂ2_ಪಿಸಿಆರ್‌ರೀಸೆಟ್ 16" ಹೊಡೆಯಿರಿ. ಈಗ /ಸಿಸ್/ಕ್ಲಾಸ್/ಟಿಪಿಎಂ/ಟಿಪಿಎಂ0/ಪಿಸಿಆರ್-ಶಾ256/16 ಎಂಬ ಫೈಲನ್ನು ಕ್ಯಾಟ್ ಮಾಡಿದರೆ 64 ಸೊನ್ನೆಗಳು ಬರುತ್ತವೆ. ಒಂದು ಬೈಟ್‌ಗೆ ಎರಡು ಹೆಕ್ಸ್ ಅಂಕಿ, 32 ಬೈಟ್‌ಗೆ 64.

ಮುಂದೆ, /ಡೆವ್/ಝೀರೋ ಫೈಲ್‌ನಿಂದ ಹೆಡ್ ಆಜ್ಞೆಯಲ್ಲಿ 4 ಬೈಟ್ ತೆಗೆದು ಶಾ256ಸಮ್‌ಗೆ ಕೊಡಿ. ಉತ್ತರ ಡಿಎಫ್3ಎಫ್6198 ಎಂದು ಶುರುವಾಗಿ 1119 ಎಂದು ಮುಗಿಯುತ್ತದೆ. ಆ 64 ಅಂಕಿಗಳನ್ನು ನಕಲು ಮಾಡಿ, ಟಿಪಿಎಂ2_ಪಿಸಿಆರ್‌ಎಕ್ಸ್‌ಟೆಂಡ್ ಆಜ್ಞೆಗೆ 16, ಕೋಲನ್, ಶಾ256, ಸಮ ಚಿಹ್ನೆ, ಆಮೇಲೆ ಆ ಅಂಕಿಗಳು ಎಂಬ ಕ್ರಮದಲ್ಲಿ ಎಲ್ಲೂ ಖಾಲಿ ಬಿಡದೆ ಕೊಡಿ. ಅದೇ ಫೈಲನ್ನು ಮತ್ತೆ ಓದಿದರೆ ಈಗ 3ಡಿ458ಸಿಎಫ್‌ಇ ಎಂದು ಶುರುವಾಗಿ 7969 ಎಂದು ಮುಗಿಯುವ ಮೌಲ್ಯ ಕಾಣುತ್ತದೆ. ಚಿಪ್ ಬೇರೇನೋ ಗುಟ್ಟಿನ ಲೆಕ್ಕ ಮಾಡಿತೇ ಎಂಬ ಅನುಮಾನವಿದ್ದರೆ, 64 ಸೊನ್ನೆಗಳ ನಂತರ ಆ ಡಿಎಫ್3ಎಫ್ ಅಂಕಿಗಳನ್ನು ಅಂಟಿಸಿ, ಎಕ್ಸ್‌ಎಕ್ಸ್‌ಡಿ ಆಜ್ಞೆಯಿಂದ ಬೈಟ್‌ಗಳಾಗಿ ಬದಲಿಸಿ, ಶಾ256ಸಮ್ ತೆಗೆಯಿರಿ. ಅದೇ 7969.

ಈಗ ಅದೇ ಫೋಲ್ಡರಿನ 3 ಮತ್ತು 6ನೇ ಫೈಲ್‌ಗಳನ್ನು ತೆರೆಯಿರಿ. ಬಹಳಷ್ಟು ಯಂತ್ರಗಳಲ್ಲಿ ಅಲ್ಲೂ ಇದೇ 3ಡಿ458ಸಿಎಫ್‌ಇ ಇರುತ್ತದೆ, ಎಷ್ಟೋ ಸಲ 2ರಲ್ಲೂ. ಕಾರಣ ಇಷ್ಟೆ. ಫರ್ಮ್‌ವೇರ್ ತನ್ನ ಕೆಲಸ ಮುಗಿಸಿ ಬೂಟ್‌ಲೋಡರಿಗೆ ದಾರಿ ಬಿಡುವಾಗ 0ರಿಂದ 7ರವರೆಗಿನ ಪ್ರತಿ ಖಾನೆಗೂ ಸೆಪರೇಟರ್ ಎಂಬ ಗೆರೆ ಎಳೆಯುತ್ತದೆ. ಆ ಗೆರೆ ಎಂದರೆ ಸಾಮಾನ್ಯವಾಗಿ 4 ಸೊನ್ನೆ ಬೈಟ್‌ಗಳ ಹ್ಯಾಶ್. ಹಾಗಾಗಿ 7969ರಲ್ಲಿ ಮುಗಿಯುವ ಖಾನೆಯ ಅರ್ಥ "ಇಲ್ಲಿ ಸೆಪರೇಟರ್ ಬಿಟ್ಟು ಬೇರೇನೂ ಅಳೆದಿಲ್ಲ". ಶಾ-1 ಬ್ಯಾಂಕಿನಲ್ಲಿ ಇದರ ಜೋಡಿ ಬಿ2ಎ83ಬಿ0ಇ ಎಂದು ಶುರುವಾಗಿ 7236ರಲ್ಲಿ ಮುಗಿಯುತ್ತದೆ. ಈ ಎರಡು ಸಂಖ್ಯೆಗಳನ್ನು ಗುರುತಿಟ್ಟುಕೊಂಡರೆ ಪಿಸಿಆರ್ ಪಟ್ಟಿಯ ಅರ್ಧ ಭಯ ಹೋಗುತ್ತದೆ.

ಪ್ರಯೋಗವನ್ನು 0ರಿಂದ 15ರೊಳಗೆ ಎಲ್ಲೂ ಮಾಡಬೇಡಿ. ಏನೂ ಸುಟ್ಟುಹೋಗುವುದಿಲ್ಲ. ಆದರೆ ಆ ಖಾನೆಗೆ ಕಟ್ಟಿಹಾಕಿದ ಕೀಗಳು ಮುಂದಿನ ರೀಬೂಟ್‌ವರೆಗೆ ಬಾಗಿಲು ಮುಚ್ಚಿಕೊಳ್ಳುತ್ತವೆ. ನಿಜವಾದ ಚಿಪ್ ಮುಟ್ಟಲೇ ಮನಸ್ಸಿಲ್ಲದಿದ್ದರೆ ವರ್ಚುವಲ್ ಮಷಿನ್‌ಗೆ ಎಸ್‌ಡಬ್ಲ್ಯುಟಿಪಿಎಂ ಎಂಬ ಸಾಫ್ಟ್‌ವೇರ್ ಟಿಪಿಎಂ ಜೋಡಿಸಿ. ವರ್ಟ್-ಮ್ಯಾನೇಜರ್‌ನಲ್ಲಿ ಹಾರ್ಡ್‌ವೇರ್ ಸೇರಿಸುವ ಪಟ್ಟಿಯಲ್ಲೇ ಟಿಪಿಎಂ ಇದೆ. ಎಮ್ಯುಲೇಟೆಡ್, ಆವೃತ್ತಿ 2.0 ಆಯ್ದುಕೊಂಡರೆ ಸಾಕು.

ಫೈಲ್ ಹೋಗಿ, ಮತ್ತೆ ಬಂದ ಕಥೆ

ಟಿಪಿಎಂ 1.2 ಕಾಲದಲ್ಲಿ ಲಿನಕ್ಸ್ ಪಿಸಿಆರ್‌ಗಳನ್ನೆಲ್ಲ ಒಂದೇ ಫೈಲಿನಲ್ಲಿ ತೋರಿಸುತ್ತಿತ್ತು. ಪಿಸಿಆರ್ಎಸ್ ಎಂಬ ಆ ಫೈಲಿನಲ್ಲಿ "ಪಿಸಿಆರ್-00:" ಎಂದು ಶುರುವಾಗಿ ಸಾಲಿಗೊಂದರಂತೆ ಹೆಕ್ಸ್ ಅಂಕಿಗಳು. 2014ರಲ್ಲಿ ಟಿಪಿಎಂ 2.0 ನಿರ್ದಿಷ್ಟ ರೂಪ ಪಡೆದು ಹೊಸ ಯಂತ್ರಗಳಿಗೆ ಬಂದಾಗ ಕರ್ನಲ್‌ನಲ್ಲಿ ಅದಕ್ಕೆ ಅಂಥ ಫೈಲ್ ಬರಲಿಲ್ಲ. ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ (/ಸಿಸ್ ಫೋಲ್ಡರ್) ಒಂದು ಫೈಲಿಗೆ ಒಂದೇ ಮೌಲ್ಯ ಎಂಬ ನಿಯಮವಿದೆ, ಹಳೆಯ ಫೈಲ್ ಅದನ್ನು ಮುರಿದಿತ್ತು. ಜೊತೆಗೆ ಬ್ಯಾಂಕ್ ಹಲವು. /ಡೆವ್/ಟಿಪಿಎಂ0 ಮೂಲಕ ಚಿಪ್‌ಗೆ ನೇರವಾಗಿ ಆಜ್ಞೆ ಕಳಿಸಬಹುದಲ್ಲ, ಮತ್ತೆ ಈ ಫೈಲ್ ಯಾಕೆ ಎಂಬ ವಾದವೂ ಇತ್ತು.

ವಾದ ತಪ್ಪಲ್ಲ, ಆದರೆ ಬಳಸುವವರಿಗೆ ಕಷ್ಟ. ಒಂದು ಸಂಖ್ಯೆ ನೋಡಲು ಟಿಪಿಎಂ2-ಟಿಎಸ್‌ಎಸ್ ಲೈಬ್ರರಿ, ಅದರ ಮೇಲೆ ಟೂಲ್ಸ್, ಅದರ ಮೇಲೆ ಅನುಮತಿ. ಬೂಟ್‌ನ ಆರಂಭದಲ್ಲಷ್ಟೇ ಬಳಸುವ ಪುಟ್ಟ ಫೈಲ್ ವ್ಯವಸ್ಥೆಯಾದ ಇನಿಟ್‌ರಾಮ್‌ಎಫ್‌ಎಸ್‌ನಂಥ ಇಕ್ಕಟ್ಟಾದ ಜಾಗಕ್ಕೆ ಇಷ್ಟೆಲ್ಲ ತುಂಬುವುದು ಯಾರಿಗೂ ಇಷ್ಟವಿಲ್ಲದ ಕೆಲಸ. ಕೊನೆಗೆ ಕರ್ನಲ್ ಅಭಿವೃದ್ಧಿಕಾರ ಜೇಮ್ಸ್ ಬಾಟಮ್ಲಿ ಬರೆದ ಪ್ಯಾಚ್ 2021ರಲ್ಲಿ ಲಿನಕ್ಸ್ 5.12ಕ್ಕೆ ಸೇರಿತು. ಚಾಲ್ತಿಯಲ್ಲಿರುವ ಪ್ರತಿ ಬ್ಯಾಂಕಿಗೆ ಒಂದು ಫೋಲ್ಡರ್, ಅದರೊಳಗೆ 0ರಿಂದ 23ರವರೆಗೆ ಫೈಲ್‌ಗಳು, ಒಂದೊಂದರಲ್ಲೂ ಒಂದೇ ಮೌಲ್ಯ. ಸಾಮಾನ್ಯ ಬಳಕೆದಾರರೂ ಓದಬಹುದು. ಪಕ್ಕದಲ್ಲೇ ಟಿಪಿಎಂ_ವರ್ಷನ್_ಮೇಜರ್ ಎಂಬ ಫೈಲ್ ಇದೆ. ಅದು 2 ಎಂದರೆ ಚಿಪ್ 2.0, 1 ಎಂದರೆ ಹಳೆಯ 1.2.

ಆ ಫೋಲ್ಡರೇ ಇಲ್ಲದಿದ್ದರೆ ಮೊದಲು ಕರ್ನಲ್ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ಆಜ್ಞೆಯ ಉತ್ತರದಲ್ಲಿ ಟಿಪಿಎಂ ಎಂದು ಹುಡುಕಿ. ಎಂಎಸ್‌ಎಫ್‌ಟಿ0101 ಎಂಬ ಗುರುತಿನ ಸಾಲು ಕಂಡರೆ ಕರ್ನಲ್‌ಗೆ 2.0 ಚಿಪ್ ಸಿಕ್ಕಿದೆ ಎಂದರ್ಥ. ಏನೂ ಇಲ್ಲವಾದರೆ ಬಯೋಸ್‌ನಲ್ಲಿ ಅದು ಆಫ್ ಆಗಿರಬಹುದು. ಅಲ್ಲಿ ಟಿಪಿಎಂ ಎಂಬ ಹೆಸರೇ ಇರಬೇಕೆಂದಿಲ್ಲ, ಇಂಟೆಲ್ ಯಂತ್ರದಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದಿರುತ್ತದೆ. ಇವೆರಡೂ ಬೇರೆ ಚಿಪ್ ಅಲ್ಲ, ಪ್ರೊಸೆಸರ್ ವ್ಯವಸ್ಥೆಯೊಳಗೇ ಓಡುವ ಫರ್ಮ್‌ವೇರ್ ಟಿಪಿಎಂಗಳು. ಪಿಸಿಆರ್ ಓದುವವರಿಗೆ ವ್ಯತ್ಯಾಸ ಕಾಣದು.

ಈ ಫೈಲ್‌ಗಳ ಸ್ವಭಾವವೊಂದನ್ನು ಗಮನಿಸಿ. ಪ್ರತಿ ಸಲ ಓದಿದಾಗಲೂ ಕರ್ನಲ್ ಚಿಪ್‌ಗೆ ಹೊಸದಾಗಿ ಆಜ್ಞೆ ಕಳಿಸುತ್ತದೆ, ಎಲ್ಲೋ ಉಳಿಸಿಟ್ಟ ಮೌಲ್ಯವನ್ನು ಕೊಡುವುದಿಲ್ಲ. 24 ಫೈಲ್ ಓದಿದರೆ 24 ಆಜ್ಞೆ. ಟಿಪಿಎಂ ನಿಧಾನದ ಪ್ರಾಣಿ, ಇದನ್ನು ಸೆಕೆಂಡಿಗೊಮ್ಮೆ ಓದುವ ಮಾನಿಟರಿಂಗ್ ಸ್ಕ್ರಿಪ್ಟ್ ಬರೆಯುವುದು ಬೇಡ. ಟಿಪಿಎಂ2_ಪಿಸಿಆರ್‌ರೀಡ್ ಒಂದು ಆಜ್ಞೆಗೆ 8 ಖಾನೆಗಳವರೆಗೆ ಪಡೆಯುತ್ತದೆ, ಜೊತೆಗೆ ಚಿಪ್ ಒಂದು ಎಣಿಕೆಯನ್ನೂ ಕಳಿಸುತ್ತದೆ. ಎರಡು ಓದುಗಳ ನಡುವೆ ಯಾವುದೋ ಪಿಸಿಆರ್ ಬದಲಾಗಿದ್ದರೆ ಆ ಎಣಿಕೆ ಏರಿರುತ್ತದೆ. ಸಿಸ್‌ಎಫ್‌ಎಸ್ ಫೈಲ್‌ನಲ್ಲಿ ಆ ಸುಳಿವಿಲ್ಲ.

ಬೇರೆ ಬಾಗಿಲುಗಳೂ ಇವೆ. "ಸಿಸ್ಟಂಡಿ-ಅನಲೈಜ್ ಪಿಸಿಆರ್ಎಸ್" ಆಜ್ಞೆ ಪ್ರತಿ ಖಾನೆಯ ಮುಂದೆ ಅದರ ಕೆಲಸದ ಹೆಸರನ್ನೂ ಹಾಕಿ ತೋರಿಸುತ್ತದೆ. ಹೊಸಬರಿಗೆ ಇದೇ ಒಳ್ಳೆಯದು. ನೇರ ಆಜ್ಞೆ ಕಳಿಸುವವರು /ಡೆವ್/ಟಿಪಿಎಂ0 ಬದಲು /ಡೆವ್/ಟಿಪಿಎಂಆರ್‌ಎಂ0 ಬಳಸಬೇಕು. 2017ರ 4.12 ಕರ್ನಲ್‌ನಿಂದ ಬಂದ ಇದು ಹಲವು ಪ್ರೋಗ್ರಾಂಗಳ ನಡುವೆ ಚಿಪ್‌ನ ಪುಟ್ಟ ಮೆಮೊರಿಯನ್ನು ಹಂಚುತ್ತದೆ. ಮೊದಲನೆಯದನ್ನು ಒಬ್ಬರು ಹಿಡಿದುಕೊಂಡರೆ ಉಳಿದವರು ಬಾಗಿಲಲ್ಲೇ ಕಾಯಬೇಕು.

ಸಂಖ್ಯೆಗೆ ಬಾಯಿಲ್ಲ, ಲಾಗ್‌ಗೆ ಇದೆ

ನಿನ್ನೆಯ ಪಿಸಿಆರ್ 4 ಒಂದು, ಇವತ್ತಿನದು ಇನ್ನೊಂದು. ಬದಲಾಗಿದೆ ಎಂಬುದು ಗೊತ್ತಾಯಿತು. ಏನು ಬದಲಾಯಿತು ಎಂಬುದು ಆ ಸಂಖ್ಯೆಯಲ್ಲಿಲ್ಲ. ಅದಕ್ಕೆ ಫರ್ಮ್‌ವೇರ್ ಪ್ರತಿ ಅಳತೆಯನ್ನೂ ಒಂದು ಲಾಗ್‌ನಲ್ಲಿ ಬರೆಯುತ್ತಾ ಬರುತ್ತದೆ, ಕರ್ನಲ್ ಅದನ್ನು /ಸಿಸ್/ಕರ್ನಲ್/ಸೆಕ್ಯುರಿಟಿ/ಟಿಪಿಎಂ0/ಬೈನರಿ_ಬಯೋಸ್_ಮೆಷರ್‌ಮೆಂಟ್ಸ್ ಎಂಬಲ್ಲಿ ಇಡುತ್ತದೆ. ಇದನ್ನು ಓದಲು ಸಾಮಾನ್ಯವಾಗಿ ರೂಟ್ ಬೇಕು. ಟಿಪಿಎಂ2_ಇವೆಂಟ್‌ಲಾಗ್ ಆಜ್ಞೆಗೆ ಈ ಫೈಲ್ ಕೊಟ್ಟರೆ ಓದಬಲ್ಲ ರೂಪದಲ್ಲಿ ಬಿಚ್ಚಿಡುತ್ತದೆ: ಯಾವ ಖಾನೆ, ಯಾವ ಬಗೆಯ ಘಟನೆ, ಅಳತೆ ಎಷ್ಟು, ಅಳೆದದ್ದರ ವಿವರ ಏನು. ಕೊನೆಯಲ್ಲಿ ಲಾಗ್‌ನ ಅಳತೆಗಳನ್ನೆಲ್ಲ ತಾನೇ ಮತ್ತೆ ರುಬ್ಬಿ, ಹೀಗೆ ಬರಬೇಕಿತ್ತು ಎಂದು ಪಿಸಿಆರ್ ಮೌಲ್ಯಗಳನ್ನೂ ಅಚ್ಚು ಹಾಕುತ್ತದೆ.

ಮುಖ್ಯ ಕೆಲಸ ಇಲ್ಲಿದೆ. ಲಾಗ್ ಇರುವುದು ಸಾದಾ ಮೆಮೊರಿಯಲ್ಲಿ, ಅದನ್ನು ತಿದ್ದಬಹುದು. ಚಿಪ್‌ನ ಸಂಖ್ಯೆಯನ್ನು ತಿದ್ದಲಾಗದು. ಹಾಗಾಗಿ ಲಾಗ್‌ನಿಂದ ಮರುಲೆಕ್ಕ ಹಾಕಿದ ಮೌಲ್ಯ ಚಿಪ್‌ನ ಮೌಲ್ಯಕ್ಕೆ ತಾಳೆಯಾದರೆ ಮಾತ್ರ ಲಾಗ್‌ನ ಮಾತು ಒಪ್ಪಬೇಕು.

ತಾಳೆ ನೋಡುವಾಗ ಎಡವುವ ಜಾಗಗಳು ಹಲವು. ತೀರಾ ಸಣ್ಣದು ಅಕ್ಷರದ್ದು: ಸಿಸ್‌ಎಫ್‌ಎಸ್ ಫೈಲಿನಲ್ಲಿ ಹೆಕ್ಸ್ ದೊಡ್ಡಕ್ಷರದಲ್ಲಿ ಬರುತ್ತದೆ, ಇವೆಂಟ್‌ಲಾಗ್‌ನಲ್ಲಿ ಸಣ್ಣಕ್ಷರದಲ್ಲಿ. ಸ್ಕ್ರಿಪ್ಟ್‌ನಲ್ಲಿ ನೇರವಾಗಿ ಹೋಲಿಸಿದರೆ ಎಲ್ಲವೂ ತಪ್ಪು ಎಂದು ಬೊಬ್ಬೆ ಹಾಕುತ್ತದೆ. ಇನ್ನೊಂದು, ಲಾಗ್‌ನಲ್ಲಿ ನೋ-ಆಕ್ಷನ್ ಎಂಬ ಬಗೆಯ ಘಟನೆಗಳಿರುತ್ತವೆ. ಮೊದಲ ಘಟನೆಯೇ ಅಂಥದ್ದು, ಲಾಗ್ ಯಾವ ಆವೃತ್ತಿಯದು ಎಂದು ಹೇಳುವ ತಲೆಬರಹ. ಇವು ಚಿಪ್‌ಗೆ ಹೋಗಿರುವುದಿಲ್ಲ, ಮರುಲೆಕ್ಕದಲ್ಲಿ ಸೇರಿಸಬಾರದು.

ಸ್ವಂತ ಸ್ಕ್ರಿಪ್ಟ್ ಬರೆಯುವವರನ್ನು ಅತಿ ಹೆಚ್ಚು ಹೊತ್ತು ಕಾಡುವುದು 0ನೇ ಖಾನೆ. 1ರಿಂದ 7ರವರೆಗೆ ಎಲ್ಲ ತಾಳೆಯಾಗುತ್ತದೆ, 0 ಮಾತ್ರ ಆಗುವುದಿಲ್ಲ. ಕೆಲವು ಯಂತ್ರಗಳಲ್ಲಿ ಟಿಪಿಎಂ ಎಚ್ಚರಗೊಳ್ಳುವುದು 3ನೇ ಲೊಕ್ಯಾಲಿಟಿಯಿಂದ, ಅಂದರೆ ಹೆಚ್ಚಿನ ಅಧಿಕಾರವಿರುವ ಹಂತದಿಂದ. ಆಗ 0ನೇ ಖಾನೆಯ ಆರಂಭದ ಮೌಲ್ಯ ಪೂರ್ತಿ ಸೊನ್ನೆಯಲ್ಲ, ಕೊನೆಯ ಬೈಟ್ 3 ಆಗಿರುತ್ತದೆ. ಈ ಮಾಹಿತಿ ಲಾಗ್‌ನಲ್ಲೇ ಸ್ಟಾರ್ಟಪ್‌ಲೊಕ್ಯಾಲಿಟಿ ಎಂಬ ಘಟನೆಯಾಗಿ ಇದೆ. ಬಗೆ ಮಾತ್ರ ನೋ-ಆಕ್ಷನ್! ನೋ-ಆಕ್ಷನ್‌ಗಳನ್ನು ಬಿಟ್ಟುಬಿಡಿ ಎಂಬ ಪಾಠವನ್ನು ಚೆನ್ನಾಗಿ ಕಲಿತವರೇ ಇಲ್ಲಿ ಮುಗ್ಗರಿಸುತ್ತಾರೆ.

4ನೇ ಖಾನೆಯಲ್ಲಿ ಬೇರೆ ಗೊಂದಲ. ಲಾಗ್‌ನಲ್ಲಿ ಬೂಟ್‌ಲೋಡರ್ ಫೈಲಿನ ಅಳತೆ ಕಾಣುತ್ತದೆ. ಅದೇ ಫೈಲಿಗೆ ಶಾ256ಸಮ್ ಹಾಕಿದರೆ ಬೇರೆಯೇ ಉತ್ತರ. ಫೈಲ್ ಯಾರೋ ಬದಲಿಸಿದ್ದಾರೆ ಎಂದು ಗಾಬರಿಯಾಗಬೇಡಿ. ಅಲ್ಲಿರುವುದು ಆಥೆಂಟಿಕೋಡ್ ಹ್ಯಾಶ್. ಫೈಲಿನೊಳಗಿನ ಚೆಕ್‌ಸಮ್ ಮತ್ತು ಸಹಿಯ ಭಾಗವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಅಳೆಯುವ ವಿಧಾನ ಅದು. ಪಿಇಸೈನ್ ಟೂಲ್‌ನಲ್ಲಿ ಹ್ಯಾಶ್ ಆಯ್ಕೆ ಕೊಟ್ಟು ನೋಡಿದರೆ ತಾಳೆ ಸಿಗುತ್ತದೆ.

10, 11, 15ನ್ನು ಫರ್ಮ್‌ವೇರ್ ಲಾಗ್‌ನಿಂದ ಮಾತ್ರ ಮರುಲೆಕ್ಕ ಹಾಕಲಾಗದು. ಫರ್ಮ್‌ವೇರ್ ಪಕ್ಕಕ್ಕೆ ಸರಿದ ಮೇಲೂ ಅಲ್ಲಿ ಅಳತೆಗಳು ಸೇರುತ್ತಲೇ ಇರುತ್ತವೆ. ಯುಕೆಐ, ಅಂದರೆ ಕರ್ನಲ್ ಮತ್ತು ಇನಿಟ್‌ಆರ್‌ಡಿ (ಇನಿಟ್‌ರಾಮ್‌ಎಫ್‌ಎಸ್‌ಗೆ ಬಳಕೆಯಲ್ಲಿರುವ ಇನ್ನೊಂದು ಹೆಸರು) ಒಂದೇ ಫೈಲಾಗಿ ಕಟ್ಟಿದ ಬೂಟ್ ವಿಧಾನದಲ್ಲಿ, ಸಿಸ್ಟಂಡಿ ಬೂಟ್‌ನ ಹಂತ ದಾಟಿದಂತೆಲ್ಲ 11ಕ್ಕೆ ಒಂದೊಂದು ಪದವನ್ನು ಅಳೆದು ಹಾಕುತ್ತದೆ: ಎಂಟರ್-ಇನಿಟ್‌ಆರ್‌ಡಿ, ಲೀವ್-ಇನಿಟ್‌ಆರ್‌ಡಿ, ಸಿಸ್‌ಇನಿಟ್, ರೆಡಿ. ಇನಿಟ್‌ಆರ್‌ಡಿಯೊಳಗೆ ಓದಿದ 11 ಒಂದು, ಲಾಗಿನ್ ಆದ ಮೇಲೆ ಓದಿದ 11 ಇನ್ನೊಂದು. ಬೇಕೆಂದೇ ಹಾಗೆ ಮಾಡಿದ್ದು. ಡಿಸ್ಕ್ ಕೀಯನ್ನು ಇನಿಟ್‌ಆರ್‌ಡಿ ಹಂತಕ್ಕೆ ಕಟ್ಟಿದರೆ, ಯಂತ್ರ ಪೂರ್ತಿ ಎದ್ದ ಮೇಲೆ ಯಾವ ಪ್ರೋಗ್ರಾಂ ಕೇಳಿದರೂ ಚಿಪ್ ಆ ಕೀ ಬಿಡುವುದಿಲ್ಲ. ಸಿಸ್ಟಂಡಿಯ ಅಳತೆಗಳ ಲಾಗ್ ಬೇರೆಯೇ ಇದೆ, /ರನ್/ಲಾಗ್/ಸಿಸ್ಟಂಡಿ ಫೋಲ್ಡರಿನಲ್ಲಿ.

ಐಎಂಎ ಲಾಗ್ /ಸಿಸ್/ಕರ್ನಲ್/ಸೆಕ್ಯುರಿಟಿ/ಐಎಂಎ ಅಡಿಯಲ್ಲಿ ಓದಬಲ್ಲ ಅಕ್ಷರಗಳಲ್ಲೇ ಇರುತ್ತದೆ. ಪಾಲಿಸಿ ಕೊಡದಿದ್ದರೆ ಅಲ್ಲಿ ಬೂಟ್_ಅಗ್ರಿಗೇಟ್ ಎಂಬ ಒಂದೇ ಸಾಲು. ಐಎಂಎ_ಪಾಲಿಸಿ=ಟಿಸಿಬಿ ಎಂದು ಕಮಾಂಡ್ ಲೈನ್‌ನಲ್ಲಿ ಕೊಟ್ಟರೆ ಓಡಿದ ಪ್ರೋಗ್ರಾಂಗಳೂ ರೂಟ್ ಓದಿದ ಫೈಲ್‌ಗಳೂ ಸಾಲುಗಟ್ಟುತ್ತವೆ. ಆ ಪಟ್ಟಿ ಕರ್ನಲ್ ಮೆಮೊರಿಯಲ್ಲಿ ಬೆಳೆಯುತ್ತಲೇ ಹೋಗುತ್ತದೆ. ತಿಂಗಳುಗಟ್ಟಲೆ ರೀಬೂಟ್ ಆಗದ ಸರ್ವರ್‌ನಲ್ಲಿ ಇದನ್ನು ಯೋಚಿಸಿಯೇ ಆನ್ ಮಾಡಬೇಕು.

ಸೊನ್ನೆ ಕಂಡರೆ ಕಣ್ಣು ತೆರೆಯಿರಿ

ಪಟ್ಟಿಯಲ್ಲಿ ನಿಜವಾಗಿ ಹೆದರಬೇಕಾದದ್ದು ವಿಚಿತ್ರ ಅಂಕಿಗಳಿಗಲ್ಲ, 0ರಿಂದ 7ರವರೆಗಿನ ಖಾನೆಯಲ್ಲಿ ಕಾಣುವ ಬರೀ ಸೊನ್ನೆಗೆ. ಬ್ಯಾಂಕ್ ಚಾಲ್ತಿಯಲ್ಲಿದೆ, ಆದರೆ ಫರ್ಮ್‌ವೇರ್ ಅದಕ್ಕೆ ಏನನ್ನೂ ಅಳೆದು ಹಾಕಿಲ್ಲ ಎಂದು ಅದರ ಅರ್ಥ. ಹಾಗಿದ್ದರೆ ದಾಳಿಕೋರನಿಗೆ ಖಾಲಿ ಹಲಗೆ ಸಿಕ್ಕಂತೆ. ಬೇಕಾದ ಆಪರೇಟಿಂಗ್ ಸಿಸ್ಟಂ ಬೂಟ್ ಮಾಡಿ, ಒಳ್ಳೆಯ ಯಂತ್ರದ ಅಳತೆಗಳನ್ನು ಒಂದೊಂದಾಗಿ ತಾನೇ ಎಕ್ಸ್‌ಟೆಂಡ್ ಮಾಡಿ, ಒಳ್ಳೆಯ ಯಂತ್ರದಂತೆ ನಟಿಸಬಹುದು. ಇದು ಊಹೆಯ ಮಾತಲ್ಲ. 2021ರಲ್ಲಿ ಗೂಗಲ್‌ನ ಭದ್ರತಾ ಸಂಶೋಧಕರು ಮೈಕ್ರೋಸಾಫ್ಟ್‌ನ ಸರ್ಫೇಸ್ ಪ್ರೊ 3ರಲ್ಲಿ ಇದೇ ದೋಷವನ್ನು ತೋರಿಸಿದರು. ಅದರ ಗುರುತು ಸಿವಿಇ-2021-42299. ಬಳಸದ ಬ್ಯಾಂಕನ್ನು ಬಯೋಸ್‌ನಲ್ಲಿ ಮುಚ್ಚಿಬಿಡುವುದೇ ಮದ್ದು.

ನಿದ್ದೆಯಿಂದ ಎದ್ದ ಮೇಲೂ ಸೊನ್ನೆ ಕಾಣಬಹುದು. ಎಸ್3 ನಿದ್ದೆಗೆ ಹೋಗುವ ಮೊದಲು ಕರ್ನಲ್ ಟಿಪಿಎಂಗೆ ಸ್ಥಿತಿಯನ್ನು ಉಳಿಸಿಕೋ ಎಂದು ಹೇಳಬೇಕು, ಎದ್ದಾಗ ಫರ್ಮ್‌ವೇರ್ ಅದನ್ನು ಮರಳಿ ತರಿಸಬೇಕು. ಈ ಕೊಂಡಿ ತಪ್ಪಿದರೆ ಖಾನೆಗಳು ಬರಿದಾಗುತ್ತವೆ. ಉಳಿಸಿದ ಸ್ಥಿತಿ ಸಿಗದಿದ್ದಾಗ ಕೆಲವು ಫರ್ಮ್‌ವೇರ್‌ಗಳು ತೆಪ್ಪಗೆ ಮುಂದೆ ಸಾಗುತ್ತಿದ್ದವು, ಅದೇ ದಾಳಿಗೆ ದಾರಿ ಎಂದು 2018ರಲ್ಲಿ ಕೊರಿಯಾದ ಸಂಶೋಧಕರು ತೋರಿಸಿದರು. ಅದು ಸಿವಿಇ-2018-6622.

ಡೆಸ್ಕ್‌ಟಾಪ್ ಬಳಸುವವರು ಇಷ್ಟು ಆಳಕ್ಕೆ ಇಳಿಯಬೇಕಿಲ್ಲ. "ಎಫ್‌ಡಬ್ಲ್ಯುಯುಪಿಡಿಎಂಜಿಆರ್ ಸೆಕ್ಯುರಿಟಿ" ಆಜ್ಞೆ ಎರಡು ಪರೀಕ್ಷೆಗಳನ್ನು ತಾನೇ ಮಾಡುತ್ತದೆ: ಪಿಸಿಆರ್ 0 ಲಾಗ್‌ನಿಂದ ಮರುಲೆಕ್ಕಕ್ಕೆ ಸಿಗುತ್ತದೆಯೇ, ಫರ್ಮ್‌ವೇರ್‌ನ ಖಾನೆಗಳು ಖಾಲಿ ಇವೆಯೇ. 2022ರ ಗ್ನೋಮ್ 43ರಲ್ಲಿ ಬಂದ ಡಿವೈಸ್ ಸೆಕ್ಯುರಿಟಿ ಪುಟ ಇದೇ ಫಲಿತಾಂಶವನ್ನು ಚಿತ್ರಸಹಿತ ತೋರಿಸುತ್ತದೆ. ಬಳಕೆದಾರರ ಮುಂದೆ 64 ಹೆಕ್ಸ್ ಅಂಕಿ ಸುರಿಯುವುದಕ್ಕಿಂತ ಇದು ಎಷ್ಟೋ ವಾಸಿ. ಆದರೂ ಅಲ್ಲಿ ಒಂದು ಕೊರತೆ ಇದೆ. ಪಾಸಾಗಿದೆ, ಫೇಲಾಗಿದೆ ಎನ್ನುವ ಪುಟಕ್ಕಿಂತ "ಕಳೆದ ಬೂಟ್‌ಗೂ ಈ ಬೂಟ್‌ಗೂ ನಡುವೆ ಬದಲಾದದ್ದು ಇದು" ಎನ್ನುವ ಪುಟ ಬೇಕಿತ್ತು. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಲಾಗ್‌ನಲ್ಲೇ ಬಿದ್ದಿದೆ.

ಓದಿದ್ದು ಪುರಾವೆಯಲ್ಲ

ಸಿಸ್‌ಎಫ್‌ಎಸ್ ಫೈಲಿನ ಸಂಖ್ಯೆಯನ್ನು ನಿಮಗೆ ತಲುಪಿಸಿದ್ದು ಕರ್ನಲ್. ಕರ್ನಲ್ಲೇ ಕೆಟ್ಟಿದ್ದರೆ? ಅದು ತನಗೆ ಬೇಕಾದ 64 ಅಂಕಿ ಅಚ್ಚು ಹಾಕಿ ತೋರಿಸಬಹುದು, ತಡೆಯುವವರಿಲ್ಲ. ಕಳ್ಳನ ಕೈಯಲ್ಲೇ ಕಾವಲುಗಾರನ ವರದಿ ಓದಿಸಿದ ಹಾಗೆ. ಟಿಪಿಎಂ2_ಪಿಸಿಆರ್‌ರೀಡ್ ಕೂಡ ಇದಕ್ಕಿಂತ ಮೇಲಲ್ಲ, ಅದರ ಉತ್ತರದ ಮೇಲೂ ಸಹಿ ಇಲ್ಲ. ಹಾಗಾಗಿ ಈ ಫೈಲ್‌ಗಳು ದೋಷ ಹುಡುಕಲು, ಹೋಲಿಸಲು, ಕಲಿಯಲು. ಇನ್ನೊಬ್ಬರಿಗೆ ಸಾಬೀತು ಮಾಡಲು ಅಲ್ಲ.

ಸಾಬೀತಿಗೆ ಇರುವುದು ಕೋಟ್. ದೂರದ ಪರೀಕ್ಷಕ ಒಂದು ನಾನ್ಸ್, ಅಂದರೆ ಒಮ್ಮೆ ಮಾತ್ರ ಬಳಸುವ ಯಾದೃಚ್ಛಿಕ ಸಂಖ್ಯೆ ಕಳಿಸುತ್ತಾನೆ. ಚಿಪ್ ತನ್ನೊಳಗೇ ಹುಟ್ಟಿದ, ಹೊರಗೆ ಬರದ ಅಟೆಸ್ಟೇಶನ್ ಕೀಯಿಂದ, ಆಯ್ದ ಪಿಸಿಆರ್‌ಗಳ ಹ್ಯಾಶನ್ನೂ ಆ ನಾನ್ಸನ್ನೂ ಸೇರಿಸಿ ಸಹಿ ಹಾಕುತ್ತದೆ. ಆಯ್ದ ಖಾನೆಗಳೆಲ್ಲ ಒಂದೇ ಕ್ಷಣದವು. ಆಜ್ಞೆಗಳ ಸಾಲು ಹೀಗೆ: ಚಿಪ್‌ನ ಮೂಲ ಗುರುತಿನ ಕೀಗೆ ಟಿಪಿಎಂ2_ಕ್ರಿಯೇಟ್‌ಇಕೆ, ಆಮೇಲೆ ಅಟೆಸ್ಟೇಶನ್ ಕೀಗೆ ಟಿಪಿಎಂ2_ಕ್ರಿಯೇಟ್‌ಎಕೆ, ಆಮೇಲೆ ನಾನ್ಸ್ ಕೊಟ್ಟು ಟಿಪಿಎಂ2_ಕೋಟ್. ಪರೀಕ್ಷಕನ ಕಡೆ ಟಿಪಿಎಂ2_ಚೆಕ್‌ಕೋಟ್. ಇದು ನಿಜವಾದ ಚಿಪ್‌ನ ಕೀಯೇ ಎಂಬುದಕ್ಕೆ ತಯಾರಕರು ಹಲವು ಚಿಪ್‌ಗಳಲ್ಲಿ ಸರ್ಟಿಫಿಕೇಟ್ ಇಟ್ಟಿರುತ್ತಾರೆ, 2048 ಬಿಟ್ ಆರ್‌ಎಸ್‌ಎ ಕೀಯದ್ದು 0ಎಕ್ಸ್01ಸಿ00002 ಎಂಬ ವಿಳಾಸದಲ್ಲಿ. ಅದನ್ನು ಪರೀಕ್ಷಿಸದೆ ಕೋಟ್ ಒಪ್ಪಿದರೆ ಎಸ್‌ಡಬ್ಲ್ಯುಟಿಪಿಎಂ ಹಾಕಿಕೊಂಡವರೂ ಪಾಸಾಗುತ್ತಾರೆ. ಹಳೆಯ ನಾನ್ಸನ್ನೇ ಮತ್ತೆ ಕಳಿಸಿದರೆ ಹಳೆಯ ಕೋಟನ್ನೇ ಮತ್ತೆ ಕೊಟ್ಟು ಪಾಸಾಗುತ್ತಾರೆ. ಚಿಪ್ ಮತ್ತು ಪ್ರೊಸೆಸರ್ ನಡುವಿನ ತಂತಿಗೆ ಕೈ ಹಾಕಬಲ್ಲವರ ಮುಂದೆ ಇಷ್ಟೂ ಸಾಲದು. ಚಿಪ್ಪನ್ನು ಮಾತ್ರ ರೀಸೆಟ್ ಮಾಡಿ ಲಾಗ್‌ನ ಅಳತೆಗಳನ್ನು ಮತ್ತೆ ತುಂಬಿಸಬಹುದು. ಬೋರ್ಡ್ ಮೇಲಿನ ಬಿಡಿ ಚಿಪ್‌ಗಳಿಗೆ ಈ ಅಪಾಯ ಹೆಚ್ಚು.

ಡಿಸ್ಕ್ ಕೀ ವಿಷಯದಲ್ಲಿ ಪರೀಕ್ಷಕ ಚಿಪ್ಪೇ. ಪಿಸಿಆರ್ ಹೊಂದಿದರೆ ಕೀ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಯಾವ ಖಾನೆಗೆ ಕಟ್ಟಬೇಕು ಎಂಬುದರಲ್ಲೇ ಸುಖದುಃಖ. 0ಕ್ಕೆ ಕಟ್ಟಿದರೆ ಪ್ರತಿ ಬಯೋಸ್ ಅಪ್‌ಡೇಟ್‌ಗೂ ಪಾಸ್‌ಫ್ರೇಸ್. 9ಕ್ಕೆ ಕಟ್ಟಿದರೆ ಪ್ರತಿ ಕರ್ನಲ್ ಅಪ್‌ಡೇಟ್‌ಗೂ. 7 ಇದ್ದುದರಲ್ಲಿ ಸ್ಥಿರ, ಆದರೂ ನಿಷೇಧಿತ ಸಹಿಗಳ ಡಿಬಿಎಕ್ಸ್ ಪಟ್ಟಿ ಹೊಸದಾದ ದಿನ ಅದೂ ಬದಲಾಗುತ್ತದೆ. ಬರೀ 7ಕ್ಕೆ ಕಟ್ಟುವುದರಲ್ಲಿ ಇನ್ನೊಂದು ತೂತಿದೆ. ಅದೇ ಡಿಸ್ಟ್ರೋದ ಸಹಿಯಿರುವ ಕರ್ನಲ್ ಜೊತೆ ದಾಳಿಕೋರ ತನ್ನದೇ ಇನಿಟ್‌ಆರ್‌ಡಿ ಹಾಕಿದರೆ 7 ಬದಲಾಗದು, ಚಿಪ್ ಕೀ ಕೊಟ್ಟುಬಿಡುತ್ತದೆ. ಯುಕೆಐ ಬಳಸಿ, 11ರ ಮೌಲ್ಯಕ್ಕೆ ಸಹಿ ಹಾಕಿದ ಪಾಲಿಸಿಗೆ ಕಟ್ಟುವುದು ಸರಿಯಾದ ಪರಿಹಾರ. ಅಷ್ಟು ಏರ್ಪಾಡು ಬೇಡವೆಂದರೆ ಕನಿಷ್ಠ ಒಂದು ಪಿನ್ ಇರಲಿ, ಸಿಸ್ಟಂಡಿ-ಕ್ರಿಪ್ಟ್‌ಎನ್‌ರೋಲ್‌ನ ಟಿಪಿಎಂ2-ವಿತ್-ಪಿನ್ ಆಯ್ಕೆ ಅದಕ್ಕೇ ಇದೆ.

ಬಯೋಸ್ ಅಥವಾ ಡಿಬಿಎಕ್ಸ್ ಅಪ್‌ಡೇಟ್‌ಗೆ ಮುನ್ನ ಪಾಸ್‌ಫ್ರೇಸ್ ಇಲ್ಲವೇ ರಿಕವರಿ ಕೀ ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ನಿಜವಾಗಿ ತೆರೆದು ನೋಡಿ, ಪಿಸಿಆರ್ ಪಟ್ಟಿಯನ್ನೂ ಲಾಗ್ ಫೈಲನ್ನೂ ನಕಲು ಮಾಡಿಟ್ಟುಕೊಳ್ಳಿ. ವಿಂಡೋಸ್‌ನಲ್ಲಾದರೆ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ ಅಪ್‌ಡೇಟ್ ಶುರು ಮಾಡಿ. ಲಿನಕ್ಸ್‌ನಲ್ಲಿ ಅಪ್‌ಡೇಟ್ ನಂತರ ಪಾಸ್‌ಫ್ರೇಸ್ ಕೊಟ್ಟು ಒಳಗೆ ಬಂದು, ಹಳೆಯ ಮತ್ತು ಹೊಸ ಲಾಗ್‌ಗಳನ್ನು ಡಿಫ್ ಮಾಡಿ, ನಿರೀಕ್ಷಿಸಿದ ಖಾನೆಗಳು ಮಾತ್ರ ಬದಲಾಗಿವೆ ಎಂದು ಕಂಡ ಮೇಲೆ ಸಿಸ್ಟಂಡಿ-ಕ್ರಿಪ್ಟ್‌ಎನ್‌ರೋಲ್ ಆಜ್ಞೆಯನ್ನು ವೈಪ್-ಸ್ಲಾಟ್=ಟಿಪಿಎಂ2, ಟಿಪಿಎಂ2-ಡಿವೈಸ್=ಆಟೋ ಆಯ್ಕೆಗಳೊಂದಿಗೆ, ಖಾನೆಗಳನ್ನು ಹೆಸರಿಸಿ ಓಡಿಸಿ. ಹಳೆಯ ಕಟ್ಟು ಬಿಚ್ಚಿ ಹೊಸ ಸಂಖ್ಯೆಗೆ ಕಟ್ಟುವ ಕೆಲಸ ಒಂದೇ ಸಲಕ್ಕೆ ಆಗುತ್ತದೆ. ಪಾಸ್‌ಫ್ರೇಸ್ ಇರುವ ಸ್ಲಾಟನ್ನು ಮಾತ್ರ ಅಳಿಸಬೇಡಿ.